ಫನೋಮ್ ರುಂಗ್ ಗುಡಿಯಲ್ಲಿ ನೀರು ಹರಿದ ದಿನ

ಖ್ಮೇರರು ಕಟ್ಟಿದ ಗುಡಿಗಳನ್ನು ನೋಡಲು ಥಾಯ್ಲೆಂಡಿಗೆ ಏಕೆ ಹೋಗಬೇಕು ಎಂದು ಆ ವರ್ಷ ನನ್ನನ್ನು ಕೇಳದವರೇ ಇರಲಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಿಂದ ಎರಡು ರಸ್ತೆ ಆಚೆ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಟ್ರಾವೆಲ್ಸ್ ಕಚೇರಿ ಇತ್ತು. ಬೇಲೂರು, ಹಳೇಬೀಡು, ಬಾದಾಮಿ, ಹಂಪಿಗೆ ಬಸ್ಸಿನಲ್ಲಿ ಜನರನ್ನು ಕರೆದುಕೊಂಡು ಹೋಗಿ, ಗುಡಿ ತೋರಿಸಿ, ಹೊತ್ತಿಗೆ ಸರಿಯಾಗಿ ಊಟ ಹಾಕಿಸಿ, ಮತ್ತೆ ಅವರವರ ರಸ್ತೆಯ ಮೂಲೆಗೆ ತಂದು ಬಿಡುವುದು ನನ್ನ ಕೆಲಸ. ಒಂದು ದಿನ ಮಾಲೀಕರು ಕರೆದು, ಈ ಸಲ ಹೊರದೇಶದ ಪ್ರವಾಸ, ನೀವೇ ಕರೆದುಕೊಂಡು ಹೋಗಬೇಕು ಎಂದರು.

ಅಂಕೋರ್ ಇರುವ ಕಾಂಬೋಡಿಯಾಕ್ಕೆ ಯುದ್ಧದ ಕಾರಣ ನಮ್ಮಂಥವರು ಪ್ರವಾಸಿಗರನ್ನು ಕರೆದೊಯ್ಯುವ ಹಾಗಿರಲಿಲ್ಲ. ಆದರೆ ಖ್ಮೇರ್ ಅರಸರ ಆಳ್ವಿಕೆ ಒಂದು ಕಾಲಕ್ಕೆ ಈಗಿನ ಥಾಯ್ಲೆಂಡಿನ ಈಶಾನ್ಯ ಭಾಗದ ಮೇಲೂ ಹರಡಿತ್ತು. ಅಲ್ಲಿನ ಬಯಲುಗಳಲ್ಲಿ, ಗುಡ್ಡಗಳ ಮೇಲೆ ಅವರು ಕಟ್ಟಿಸಿದ ಶಿವ, ವಿಷ್ಣು, ಬುದ್ಧರ ಗುಡಿಗಳು ಈಗಲೂ ನಿಂತಿವೆ. ಬ್ಯಾಂಕಾಕ್‌ನಿಂದ ಬಸ್ಸಿನಲ್ಲಿ ಹೋಗಿ ನೋಡಬಹುದು. ಇದನ್ನು ಪುಸ್ತಕಗಳಿಂದ ತಿಳಿದುಕೊಂಡು ಮಾಲೀಕರ ಕಿವಿಗೆ ಹಾಕಿದ್ದವಳು ನಾನೇ. ಹಾಗಾಗಿ ತಪ್ಪಿಸಿಕೊಳ್ಳುವಂತಿರಲಿಲ್ಲ, ತಪ್ಪಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ನಮ್ಮ ಕಡೆಯಿಂದ ಅಂಥ ಪ್ರವಾಸವನ್ನು ಯಾರೂ ಮಾಡಿಸಿರಲಿಲ್ಲ. ನೆಟ್ಟಗಾದರೆ ಕಚೇರಿ ಒಂದು ಮೆಟ್ಟಿಲು ಮೇಲೇರುತ್ತಿತ್ತು. ಕೆಟ್ಟರೆ ನಾನು ಮತ್ತೆ ಹಳೇಬೀಡಿನ ಬಸ್ಸಿಗೆ.

ಹದಿನಾರು ಜನ ಸೇರಿದರು. ಬಹುತೇಕ ಎಲ್ಲರೂ ನಮ್ಮ ಸುತ್ತಮುತ್ತಲಿನವರೇ. ಅವರಲ್ಲಿ ಮೂವರ ವಿಷಯವನ್ನು ಇಲ್ಲಿ ಹೇಳಬೇಕು. ಒಬ್ಬರು ಬನಶಂಕರಿಯ ನಿವೃತ್ತ ಇಂಜಿನಿಯರ್. ಕುಡಿಯುವ ನೀರಿನ ಇಲಾಖೆಯಲ್ಲಿ ದುಡಿದವರು, ದೊಡ್ಡ ದನಿಯವರು. ಬಸ್ಸಿನಲ್ಲಿ ಅವರು ಒಂದು ಮಾತು ಹೇಳಿದರೆ ಉಳಿದವರ ಮಾತೂ ಅದೇ ಆಗಿಬಿಡುತ್ತಿತ್ತು. ಇನ್ನೊಬ್ಬರು ಶ್ರೀನಗರದ ಅಜ್ಜಿ. ದಾವಣಗೆರೆ ಕಡೆಯ ಮನೆತನ, ಮಗನಿಗೆ ಬಟ್ಟೆ ವ್ಯಾಪಾರ. ಜೊತೆಗೆ ಬರಬೇಕಿದ್ದ ತಂಗಿಗೆ ಕಾಲು ಉಳುಕಿದ್ದರಿಂದ ಒಬ್ಬರೇ ಹೊರಟು ನಿಂತಿದ್ದರು. ಮೂರನೆಯವರು ತಲಘಟ್ಟಪುರದವರು, ಬ್ಯಾಂಕಿನಲ್ಲಿ ಗುಮಾಸ್ತರು. ಹೆಂಡತಿಯ ಜೊತೆ ಬಂದಿದ್ದರು. ಅವರ ತಂದೆಯ ಕಾಲದಲ್ಲಿ ಮನೆಯವರೆಲ್ಲ ಬೌದ್ಧ ಧರ್ಮ ಸ್ವೀಕರಿಸಿದ್ದರು. ಮಾತು ಕಡಿಮೆ.

ನಾವು ನೋಡಬೇಕಿದ್ದ ಮುಖ್ಯ ಗುಡಿ ಫನೋಮ್ ರುಂಗ್, ಆರಿಹೋದ ಜ್ವಾಲಾಮುಖಿಯ ನೆತ್ತಿಯ ಮೇಲಿನ ಶಿವಾಲಯ. ಅಲ್ಲಿ ಮೆಟ್ಟಿಲು ಹತ್ತಲೇಬೇಕು. ಆದ್ದರಿಂದ ಹೊರಡುವ ಮುಂಚಿನ ಭಾನುವಾರಗಳಂದು ಎಲ್ಲರನ್ನೂ ಒಂಬತ್ತನೇ ಬ್ಲಾಕಿನ ರಾಗಿಗುಡ್ಡಕ್ಕೆ ಕರೆದು ಹತ್ತಿಸಿ ಇಳಿಸಿದೆ. ಯಾರಿಗೆ ಏದುಸಿರು, ಯಾರಿಗೆ ಮಂಡಿನೋವು, ಯಾರು ಪಕ್ಕದವರನ್ನು ಬಿಟ್ಟು ಮುಂದೆ ಓಡುತ್ತಾರೆ ಎಂಬುದೆಲ್ಲ ನನಗೆ ಅಲ್ಲೇ ಗೊತ್ತಾಗಿತ್ತು. ಅಜ್ಜಿ ನಿಧಾನ, ಆದರೆ ನಿಲ್ಲುತ್ತಿರಲಿಲ್ಲ. ಇಂಜಿನಿಯರ್ ಮೊದಲು ತಲುಪಿ, ಮೇಲೆ ನಿಂತು, ಹತ್ತಿ ಬರುವವರನ್ನು ನೋಡುತ್ತಿದ್ದರು.

ಡಿಸೆಂಬರಿನಲ್ಲಿ ಕಲ್ಕತ್ತಾ ಮಾರ್ಗವಾಗಿ ವಿಮಾನದಲ್ಲಿ ಬ್ಯಾಂಕಾಕ್ ತಲುಪಿದೆವು. ಅಲ್ಲಿ ನಮಗೊಂದು ಬಸ್ಸು, ಒಬ್ಬ ಡ್ರೈವರ್, ಮತ್ತು ಸ್ಥಳೀಯ ಗೈಡ್ ಸಿಕ್ಕರು. ಗೈಡ್ ಇಪ್ಪತ್ತೈದು ದಾಟಿದ ಹುಡುಗಿ, ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಿದ್ದಳು. ಅವಳು ಇಂಗ್ಲಿಷಿನಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಹೇಳುವುದು ಎಂದು ಗೊತ್ತುಮಾಡಿಕೊಂಡೆವು. ಅದು ಎಷ್ಟು ಕೆಟ್ಟ ಏರ್ಪಾಡು ಎಂಬುದು ಮರುದಿನವೇ ತಿಳಿಯಿತು.

ಮರುದಿನ ಕೊರಾಟ್ ಪಟ್ಟಣದ ದಾರಿ ಹಿಡಿದೆವು. ದಾರಿಯಲ್ಲಿ ಎರಡು ಸಣ್ಣ ಗುಡಿ, ಮಧ್ಯಾಹ್ನ ಊಟ, ಆಮೇಲೆ ಫಿಮಾಯ್ ಎಂಬ ದೊಡ್ಡ ದೇವಾಲಯ. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಮೊದಲನೆಯ ಗುಡಿಯಲ್ಲಿ ಗೈಡ್ ಅರಸರ ಹೆಸರು, ಕಲ್ಲಿನ ಜಾತಿ, ಶೈಲಿಯ ಹೆಸರು ಹೇಳಿದಳು. ನಾನು ಅದನ್ನೆಲ್ಲ ಕನ್ನಡಕ್ಕೆ ತಂದೆ. ಇಬ್ಬರ ಮಾತೂ ಮುಗಿಯುವ ಹೊತ್ತಿಗೆ ಜನ ನೆರಳು ಹುಡುಕಿಕೊಂಡು ಹೋಗಿದ್ದರು. ಎರಡನೆಯದರಲ್ಲೂ ಅದೇ ಆಯಿತು. ಊಟಕ್ಕೆ ಕೂತರೆ, ಸಸ್ಯಾಹಾರ ಎಂದು ಮೊದಲೇ ತಿಳಿಸಿದ್ದ ಹೋಟೆಲಿನಲ್ಲಿ ಪಲ್ಯಕ್ಕೆಲ್ಲ ಮೀನಿನ ಸಾರ ಹಾಕಿದ್ದರು. ಅವರ ಲೆಕ್ಕದಲ್ಲಿ ಅದು ನಮ್ಮ ಉಪ್ಪಿನ ಹಾಗೆ. ಇಂಜಿನಿಯರ್ ತಟ್ಟೆಯನ್ನು ಮೂಗಿನ ಹತ್ತಿರ ತಂದು ಕೆಳಗಿಟ್ಟರು. ಎಲ್ಲರೂ ಕೆಳಗಿಟ್ಟರು. ಬಾಳೆಹಣ್ಣು, ಅಜ್ಜಿ ತಂದಿದ್ದ ಅವಲಕ್ಕಿ, ಚಟ್ನಿಪುಡಿಯಲ್ಲಿ ಮಧ್ಯಾಹ್ನ ಕಳೆಯಿತು.

ಫಿಮಾಯ್ ತಲುಪಿದಾಗ ಬಿಸಿಲು ಇಳಿಯತೊಡಗಿತ್ತು. ಬಿಳಿ ಮರಳುಗಲ್ಲಿನ ಗೋಪುರ, ಸುತ್ತ ಎತ್ತರದ ಪ್ರಾಕಾರ. ನನಗೆ ಮೈ ಜುಮ್ಮೆಂದಿತು. ಹಿಂತಿರುಗಿ ನೋಡಿದರೆ ನನ್ನ ಜನ ಹುಲ್ಲಿನ ಮೇಲೆ ಕೂತು ಚಪ್ಪಲಿ ಬಿಚ್ಚಿ ಕಾಲು ಒತ್ತಿಕೊಳ್ಳುತ್ತಿದ್ದರು. ಗಂಟೆ ಇಲ್ಲ, ಆರತಿ ಇಲ್ಲ, ಅರ್ಚಕರಿಲ್ಲ. ಎಲ್ಲಾ ಕಲ್ಲೇ ಎಂದು ಯಾರೋ ಅಂದರು. ಇಂಜಿನಿಯರ್ ಎದ್ದು ನನ್ನ ಹತ್ತಿರ ಬಂದರು.

“ಮೇಡಂ, ಬೇಜಾರು ಮಾಡ್ಕೋಬೇಡಿ. ನಮ್ಮೂರಲ್ಲಿ ಇದಕ್ಕಿಂತ ಚೆನ್ನಾಗಿರೋದು ಬೇಕಾದಷ್ಟಿದೆ. ನಾಳೆ ಬೆಳಿಗ್ಗೆ ಬಸ್ಸು ಬ್ಯಾಂಕಾಕ್‌ಗೆ ತಿರುಗಿಸಿಬಿಡಿ. ಒಂದಿಷ್ಟು ಶಾಪಿಂಗ್ ಆದ್ರೂ ಆಗ್ಲಿ.”

ಅವರ ಹಿಂದೆ ನಿಂತಿದ್ದವರು ಹೌದೆಂದು ತಲೆಯಾಡಿಸಿದರು. ಹೋಟೆಲಿಗೆ ಹೋಗಿ ಮಾತಾಡೋಣ ಸಾರ್ ಎಂದು ಹೇಳಿ, ಎಲ್ಲರನ್ನೂ ಬಸ್ಸಿಗೆ ಕರೆದೆ. ತಲೆ ಎಣಿಸಿದರೆ ಇಬ್ಬರು ಕಡಿಮೆ. ತಲಘಟ್ಟಪುರದ ಗುಮಾಸ್ತರೂ ಅವರ ಹೆಂಡತಿಯೂ ಇರಲಿಲ್ಲ. ಹುಡುಕಿಕೊಂಡು ಒಳಗೆ ಹೋದೆ.

ಅವರು ಗರ್ಭಗುಡಿಯಲ್ಲಿ ನೆಲದ ಮೇಲೆ ಕೂತಿದ್ದರು. ಎದುರಿಗೆ ಬುದ್ಧನ ವಿಗ್ರಹ. ಹೆಡೆ ಬಿಚ್ಚಿದ ಹಾವು ತನ್ನ ಸುರುಳಿಯ ಮೇಲೆ ಅವನನ್ನು ಕೂರಿಸಿಕೊಂಡು ತಲೆಯ ಮೇಲೆ ಕೊಡೆ ಹಿಡಿದಿತ್ತು. ಹೆಂಡತಿ ಪಕ್ಕದಲ್ಲಿ ಕೈಮುಗಿದು ನಿಂತಿದ್ದರು. ನಾವು ಬಂದಾಗಿನಿಂದ ಅವರು ಅಲ್ಲೇ ಇದ್ದರಂತೆ. ಹೊರಡಬೇಕೆಂದು ಹೇಳಿದಾಗ ಮೆಲ್ಲಗೆ ಎದ್ದರು. ಹೊರಗೆ ಬರುತ್ತ ನನಗೆ ಹೇಳಿದರು.

“ನಮ್ಮಪ್ಪ ಊರಲ್ಲಿ ಬುದ್ಧನ ಫೋಟೋ ಗೋಡೆಗೆ ಹಾಕಿದಾಗ, ಇವನ್ಯಾರೋ ಹೊಸಬ ಅಂತ ನೆಂಟ್ರೆಲ್ಲ ನಕ್ಕಿದ್ರು ಮೇಡಂ. ಇಲ್ಲಿ ನೋಡಿ, ಎಷ್ಟು ಹಳಬ.”

ಅವರ ಮುಖದಲ್ಲಿ ಬೆಳಗಿನಿಂದ ಯಾರ ಮುಖದಲ್ಲೂ ಕಾಣದ ಕಳೆ ಇತ್ತು. ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಅದೇ ಬಿಸಿಲು, ಅದೇ ಹಸಿವು, ಅದೇ ಕಲ್ಲು. ಅವರಿಗೆ ಮಾತ್ರ ಹುಡುಕಲು ತಮ್ಮದೊಂದು ಇತ್ತು. ಉಳಿದವರಿಗೆ ನಾನು ಕೊಟ್ಟದ್ದು ಅರಸರ ಹೆಸರುಗಳನ್ನು.

ಕೊರಾಟ್‌ನ ಹೋಟೆಲಿಗೆ ಬಂದ ಕೂಡಲೇ ಮೊದಲು ಅಡಿಗೆಮನೆಗೆ ಹೋದೆ. ಗೈಡ್ ಮೂಲಕ ಕೇಳಿ ಒಂದು ಒಲೆ ಬಿಡಿಸಿಕೊಂಡೆ. ಅನ್ನ ಬೇಕಾದಷ್ಟಿತ್ತು, ಕಡಲೆಕಾಯಿ ಬೀಜ ಇತ್ತು. ಬೆಂಗಳೂರಿನಿಂದ ತಂದಿದ್ದ ಪುಳಿಯೋಗರೆ ಗೊಜ್ಜು ಕಲೆಸಿ, ಮೊಸರು ಸಿಗದಿದ್ದಕ್ಕೆ ಹಪ್ಪಳ ಕರಿದು ಬಡಿಸಿದೆ. ಜನ ಹೊಟ್ಟೆತುಂಬ ಉಂಡರು. ಅವರು ಉಣ್ಣುತ್ತಿರುವಾಗ ಬೆಂಗಳೂರಿಗೆ ಫೋನ್ ಹಚ್ಚಿಸಿದೆ.

ನಡೆದದ್ದನ್ನು ಬಚ್ಚಿಡದೆ ಮಾಲೀಕರಿಗೆ ಹೇಳಿದೆ. ಅವರು ಒಳ್ಳೆಯವರು, ಆದರೆ ಗಾಬರಿ ಬಿದ್ದರು. ಜನ ಏನು ಕೇಳ್ತಾರೋ ಅದನ್ನ ಕೊಟ್ಟುಬಿಡಿ, ಬ್ಯಾಂಕಾಕ್‌ಗೆ ಕರ್ಕೊಂಡು ಹೋಗಿ, ಕೆಟ್ಟ ಹೆಸರು ಮಾತ್ರ ಬರಬಾರದು ಎಂದರು. ನನಗೆ ಒಂದು ದಿನ ಕೊಡಿ ಸಾರ್, ಆಮೇಲೂ ಅವರು ಬೇಡ ಅಂದರೆ ವಾಪಸು ಹೊರಡುತ್ತೇನೆ ಎಂದೆ. ಲೈನಿನಲ್ಲಿ ಕರಕರ ಸದ್ದು. ಅವರು ಸರಿ ಎಂದರೋ ಬೇಡ ಎಂದರೋ ಕೇಳಿಸಲಿಲ್ಲ. ಸರಿ ಎಂದೇ ಇಟ್ಟುಕೊಂಡೆ.

ಮರುದಿನದ ಕಾರ್ಯಕ್ರಮದಲ್ಲಿ ನಾಲ್ಕು ಗುಡಿಗಳಿದ್ದವು. ಫನೋಮ್ ರುಂಗ್‌ಗೆ ಸಿಕ್ಕಿದ್ದು ಒಂದು ಗಂಟೆ. ನಾನು ಉಳಿದ ಮೂರನ್ನೂ ಹೊಡೆದುಹಾಕಿದೆ. ಗೈಡ್‌ಗೆ ಇದು ಹಿಡಿಸಲಿಲ್ಲ. ತನ್ನ ಕಂಪನಿಗೆ ಏನು ಹೇಳಲಿ ಎಂದು ಕೇಳಿದಳು. ನಾನು ಬರೆದು ಕೊಡುತ್ತೇನೆ, ನಾಳೆ ನೀನು ಭಾಷಣ ಮಾಡುವುದೂ ಬೇಡ, ಒಂದು ಕಡೆ ಕೂತಿರು, ಕೇಳಲು ಬಂದವರಿಗೆ ಮಾತ್ರ ಉತ್ತರ ಹೇಳು ಎಂದೆ. ಮೊದಲು ಮುಖ ಸಣ್ಣದು ಮಾಡಿಕೊಂಡಳು. ಆಮೇಲೆ, ಬಿಸಿಲಲ್ಲಿ ಅದನ್ನೇ ಹೇಳಿ ಹೇಳಿ ತನಗೂ ಸಾಕಾಗಿದೆ ಎಂದು ನಕ್ಕಳು.

ಊಟ ಮುಗಿಸಿ ಕೂತಿದ್ದ ಎಲ್ಲರ ಮುಂದೆ ನಿಂತೆ. ನಾಳೆ ಒಂದೇ ಗುಡಿ, ಬೆಳಗಿನಿಂದ ಸಂಜೆಯವರೆಗೆ, ಅದಾದ ಮೇಲೂ ವಾಪಸು ಹೋಗೋಣ ಅಂದರೆ ನಾನು ಎದುರಾಡುವುದಿಲ್ಲ ಎಂದು ಹೇಳಿದೆ. ಅಜ್ಜಿ, ಊಟ ಚೆನ್ನಾಗಿತ್ತು ಕಣಮ್ಮ, ಹೋಗಣ ಎಂದರು. ಅಷ್ಟು ಸಾಕಾಯಿತು.

ಬೆಳಿಗ್ಗೆ ಬಸ್ಸು ಭತ್ತದ ಗದ್ದೆಗಳ ನಡುವೆ ಓಡಿತು. ಕುಯಿಲು ಮುಗಿದು ಕೂಳೆ ನಿಂತಿತ್ತು. ಅದರ ನಡುವೆ ಒಂಟಿ ಗುಡ್ಡ. ಕೆಳಗೆ ಬಸ್ಸು ನಿಲ್ಲಿಸಿ, ಇಳಿಯುವ ಮುಂಚೆ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಕೊಟ್ಟೆ. ಜೆ.ಪಿ. ನಗರದ ಅಕ್ಕತಂಗಿಯರಿಗೆ ರಂಗೋಲಿಯ ಹುಚ್ಚು. ಅವರಿಗೆ ಕಲ್ಲಿನ ಮೇಲಿನ ಹೂಬಳ್ಳಿಗಳು. ರಾಮಾಯಣ ಪಾರಾಯಣ ಮಾಡುವ ದಂಪತಿಗೆ ಬಾಗಿಲುಗಳ ಮೇಲಿನ ರಾಮಾಯಣದ ಚಿತ್ರಗಳು. ಗುಮಾಸ್ತರಿಗೆ ಹಾವುಗಳು. ಅಜ್ಜಿಗೆ, ಈಶ್ವರ ಎಲ್ಲೆಲ್ಲಿ ಇದ್ದಾನೆ ಹುಡುಕಿ ಎಂದೆ. ಇಂಜಿನಿಯರ್ ಕಿಟಕಿಯ ಕಡೆ ನೋಡುತ್ತಿದ್ದರು.

“ಸಾರ್, ನೀವು ನೀರು ನೋಡಿ,” ಎಂದೆ. “ಇಷ್ಟು ಎತ್ತರಕ್ಕೆ ಗುಡಿ ಕಟ್ಟಿದ್ದಾರೆ. ನೀರು ಎಲ್ಲಿಂದ ಬಂತು, ಬಳಸಿದ ಮೇಲೆ ಎಲ್ಲಿಗೆ ಹೋಯ್ತು, ನನಗೆ ಗೊತ್ತಿಲ್ಲ.”

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದು ಅವರಿಗೂ ಗೊತ್ತಾಯಿತು ಎನಿಸುತ್ತದೆ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು.

ಕೆಂಪು ಕಲ್ಲು ಹಾಸಿದ ಅಗಲವಾದ ದಾರಿ, ಎರಡೂ ಕಡೆ ತಾವರೆ ಮೊಗ್ಗಿನ ತುದಿಯುಳ್ಳ ಕಂಬಗಳು. ಅದು ಮುಗಿದಲ್ಲಿ ಐದು ಹೆಡೆಯ ಹಾವುಗಳು ತಡೆಗೋಡೆಯಾಗಿರುವ ಸೇತುವೆ, ಆಮೇಲೆ ಮೆಟ್ಟಿಲು. ಒಂದು ಹಂತ ಹತ್ತಿ ನಿಂತರೆ ಇನ್ನೊಂದು. ರಾಗಿಗುಡ್ಡದಲ್ಲಿ ಕಲಿತಂತೆ ನಿಧಾನದವರನ್ನು ಮುಂದೆ ಬಿಟ್ಟು, ವೇಗದವರನ್ನು ಹಿಂದೆ ಇಟ್ಟೆ. ಹಾಗಾಗಿ ಗುಡಿಯ ಬಾಗಿಲಿಗೆ ಮೊದಲು ತಲುಪಿದವರು ಅಜ್ಜಿ. ಮೇಲೆ ನೋಡಿದರು. ಬಾಗಿಲಿನ ನೆತ್ತಿಯ ಮೇಲೆ ಹತ್ತು ತೋಳುಗಳನ್ನು ಬೀಸಿ ಶಿವ ಕುಣಿಯುತ್ತಿದ್ದ. ಪಕ್ಕದಲ್ಲಿದ್ದ ಗೈಡ್ ಅವನ ಕಡೆ ಬೆರಳು ತೋರಿಸಿ, ಫ್ರಾ ಇಸುವನ್ ಎಂದಳು.

“ಏನಂದ್ಲು?” ಅಜ್ಜಿ ನನ್ನನ್ನು ಕೇಳಿದರು.

“ಈಶ್ವರ ಅಂತ ಅಜ್ಜಿ. ಅವರ ಬಾಯಲ್ಲಿ ಇಸುವನ್.”

ಅಜ್ಜಿ ಆ ಹುಡುಗಿಯ ಗಲ್ಲ ಮುಟ್ಟಿ, ಇನ್ನೊಂದ್ಸಲ ಹೇಳವ್ವ ಎಂದರು. ಕನ್ನಡ ಬಾರದಿದ್ದರೂ ಹುಡುಗಿ ಇನ್ನೊಮ್ಮೆ ಹೇಳಿದಳು. ಅಲ್ಲಿಂದಾಚೆ ಅವರಿಬ್ಬರ ನಡುವೆ ನನ್ನ ಅಗತ್ಯ ಅಷ್ಟಾಗಿ ಬೀಳಲಿಲ್ಲ.

ನಾನು ಆವತ್ತು ಮಾಡಿದ ಕೆಲಸವೆಂದರೆ ಸುತ್ತು ಹಾಕುವುದು ಮಾತ್ರ. ಅಕ್ಕತಂಗಿಯರು ಒಂದು ಕಂಬದ ಬುಡದಲ್ಲಿ ಕೂತು ಬಳ್ಳಿ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಎಂದು ಜಗಳವಾಡುತ್ತಿದ್ದರು. ರಾಮಾಯಣದವರು ಹನುಮಂತನನ್ನು ಗುರುತಿಸಿ, ಉಳಿದವರನ್ನೂ ಕರೆದು ತೋರಿಸಿದರು. ನಂದಿಯ ಬೆನ್ನಿನ ಮೇಲೆ ಕೈಯಾಡಿಸಿ ಬಂದ ಅಜ್ಜಿ ಗರ್ಭಗುಡಿಯೊಳಗೆ ಹೋದರು, ಹಾಗೇ ಹೊರಗೆ ಬಂದರು. ಒಳಗೆ ಯಾರೂ ಇಲ್ಲ ಕಣಮ್ಮ ಎಂದರು. ದನಿ ಇಳಿದಿತ್ತು. ನಿಜ, ಲಿಂಗ ಎಂದೋ ಹೋಗಿತ್ತು. ಬರೀ ನೆಲ, ನಾಲ್ಕು ಗೋಡೆ. ನನಗೂ ಪಿಚ್ಚೆನಿಸಿತು. ಫಿಮಾಯ್‌ನ ಸಂಜೆ ಮತ್ತೆ ಬರುತ್ತದೇನೋ ಎಂದು ಭಯವಾಯಿತು.

ಅಷ್ಟರಲ್ಲಿ ಇಂಜಿನಿಯರ್ ಎಲ್ಲೂ ಕಾಣದೆ ಬಹಳ ಹೊತ್ತಾಗಿತ್ತು. ಹುಡುಕಿದರೆ ಗುಡಿಯ ಉತ್ತರದ ಕಡೆ, ಬಿಸಿಲಲ್ಲಿ, ಪ್ಯಾಂಟಿನ ಮಂಡಿಯನ್ನು ನೆಲಕ್ಕೆ ಊರಿ ಕೂತಿದ್ದಾರೆ. ಗೋಡೆಯ ಕೆಳಗಿನಿಂದ ಹೊರಗೆ ಬಂದ ಒಂದು ಕಲ್ಲಿನ ಕಾಲುವೆಯನ್ನು ಬೆರಳಿನಿಂದ ಅಳೆಯುತ್ತಿದ್ದರು.

“ಮೇಡಂ, ಒಳಗೆ ಲಿಂಗ ಇತ್ತು. ಇದು ಅಭಿಷೇಕದ ನೀರು ಹೋಗೋ ದಾರಿ,” ಎಂದರು. “ನಮ್ಮ ಗುಡೀಲೂ ಉತ್ತರಕ್ಕೇ ಇರುತ್ತೆ. ನೋಡಿ, ಕಟ್ಟಿದವನು ಇಳಿಜಾರು ಎಷ್ಟು ಸಣ್ಣಗೆ ಕೊಟ್ಟಿದ್ದಾನೆ. ನೀರು ನಿಲ್ಲಬಾರದು, ಓಡಲೂಬಾರದು. ಅಷ್ಟೇ ಕೊಟ್ಟಿದ್ದಾನೆ.”

ಅವರ ದನಿ ಚಿಕ್ಕದಾಗಿತ್ತು. ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ಗರ್ಭಗುಡಿಯ ನೆಲದಲ್ಲಿ ಅದೇ ಕಾಲುವೆಯ ತಲೆಯನ್ನು ತೋರಿಸಿದರು. ಒಳಗಿನ ತುದಿಯೂ ಕಾಣುತ್ತಿತ್ತು, ಹೊರಗಿನ ತುದಿಯೂ ಕಾಣುತ್ತಿತ್ತು. ನಡುವೆ ಗೋಡೆಯಡಿಯ ಭಾಗದಲ್ಲಿ ಎಲೆ, ಮಣ್ಣು ತುಂಬಿತ್ತು. ಸುತ್ತ ಬಂದು ನಿಂತವರಿಗೆಲ್ಲ ಅವರು ವಿವರಿಸಿದರು. ಇದರಲ್ಲಿ ಈಗಲೂ ನೀರು ಹರಿಯುತ್ತದೆಯೇ ಎಂದು ಗುಮಾಸ್ತರ ಹೆಂಡತಿ ಕೇಳಿದರು. ಇಂಜಿನಿಯರ್ ಕಾಲುವೆಯನ್ನೇ ನೋಡುತ್ತ, ಹರೀಬೇಕು ಎಂದರು.

ನೀರು ಹಾಕಿ ನೋಡುವುದು ಸುಲಭದ ಮಾತಾಗಿರಲಿಲ್ಲ. ಗುಡಿಯನ್ನು ಬಿಚ್ಚಿ ಮತ್ತೆ ಕಲ್ಲಿಗೆ ಕಲ್ಲು ಜೋಡಿಸುವ ದೊಡ್ಡ ಕೆಲಸ ಆಗಷ್ಟೇ ಮುಗಿದಿತ್ತು. ಅಲ್ಲಿನ ವಯಸ್ಸಾದ ಕಾವಲುಗಾರ ನಮ್ಮ ಗುಂಪು ನೆಲಕ್ಕೆ ಬಗ್ಗಿದ್ದನ್ನು ಕಂಡು ಬಂದ, ತಲೆ ಅಲ್ಲಾಡಿಸಿದ. ಗೈಡ್ ಅವನೊಡನೆ ಮಾತಾಡಿದಳು. ಅವನು ಕೆಳಗಿನ ಕಚೇರಿಯಲ್ಲಿ ಕೇಳಬೇಕು ಎಂದ. ನಾನೂ ಗೈಡೂ ಇಳಿದು ಹೋದೆವು. ಅಲ್ಲಿದ್ದ ಅಧಿಕಾರಿಗೆ ನಾನು ಇಂಗ್ಲಿಷಿನಲ್ಲಿ, ನಮ್ಮಲ್ಲಿ ಇಂಥ ಗುಡಿಗಳಿವೆ, ಇಂಥ ಕಾಲುವೆಗಳಿವೆ, ನಮ್ಮ ಜೊತೆ ನೀರಿನ ಕೆಲಸ ಬಲ್ಲ ಇಂಜಿನಿಯರ್ ಇದ್ದಾರೆ ಎಂದು ಹೇಳಿದೆ. ಅವರು ಕೇಳಿಸಿಕೊಂಡು, ತಾವೇ ಮೇಲೆ ಹತ್ತಿ ಬಂದರು. ಇಂಜಿನಿಯರ್ ಮತ್ತು ಅವರು ಕಾಲುವೆಯ ಆಚೆ ಈಚೆ ಕೂತು, ಕೈಸನ್ನೆ, ಅರ್ಧಂಬರ್ಧ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ಕೊನೆಗೆ ಅಧಿಕಾರಿ ಒಪ್ಪಿದರು. ಷರತ್ತುಗಳಿದ್ದವು. ಕಬ್ಬಿಣದ ಸಾಮಾನು ಮುಟ್ಟಿಸಬಾರದು, ಕಸ ತೆಗೆಯುವುದು ಕಾವಲುಗಾರನೇ ಹೊರತು ನಾವಲ್ಲ, ಮತ್ತು ಬರೀ ನೀರು, ಬೇರೇನೂ ಸುರಿಯುವಂತಿಲ್ಲ.

ಕಾವಲುಗಾರ ಬಿದಿರಿನ ಸೀಳು ತಂದ. ಅವನು ಹೊರಗಿನಿಂದ ಎಳೆಯುವುದು, ಇಂಜಿನಿಯರ್ ಒಳಗಿನಿಂದ ಬಗ್ಗಿ ನೋಡಿ ಹೇಳುವುದು, ಗೈಡ್ ನಡುವೆ ನಿಂತು ಎರಡೂ ಕಡೆಗೆ ಕೂಗುವುದು. ಒಣಗಿದ ಎಲೆ ಬಂತು, ಇರುವೆಗೂಡು ಬಂತು, ಗಟ್ಟಿಯಾದ ಮಣ್ಣಿನ ಉಂಡೆಗಳು ಬಂದವು. ಒಂದು ಕಡೆ ಸೀಳು ಹೋಗದೆ ನಿಂತುಬಿಟ್ಟಿತು. ಒತ್ತಬೇಡಿ ಎಂದು ಇಂಜಿನಿಯರ್ ಅಂದರು. ಅಷ್ಟರಲ್ಲಿ ಗುಡಿ ಮುಚ್ಚುವ ಹೊತ್ತಾಯಿತು.

ಮೆಟ್ಟಿಲು ಇಳಿಯುತ್ತ, ವಾಪಸು ಹೋಗೋಣವೇ ಎಂದು ನಾನು ಯಾರನ್ನೂ ಕೇಳಲಿಲ್ಲ. ಬಸ್ಸು ಹತ್ತುವಾಗ ಇಂಜಿನಿಯರ್ ನನ್ನ ಪಕ್ಕದಲ್ಲಿ ನಿಂತರು. ನಾಳೆ ಎಷ್ಟೊತ್ತಿಗೆ ಬಾಗಿಲು ತೆಗೀತಾರೆ ಅಂತ ಆ ಹುಡುಗೀನ ಕೇಳಿ ಎಂದರು. ನಾನು ಆಗಲೇ ಕೇಳಿದ್ದೆ.

ಆ ರಾತ್ರಿ ಗುಡ್ಡಕ್ಕೆ ಹತ್ತಿರದ ಸಣ್ಣ ಪಟ್ಟಣವೊಂದರಲ್ಲಿ ತಂಗಿ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಮೇಲಿದ್ದೆವು. ಕಾವಲುಗಾರ ತನ್ನ ಬಿಡಾರದಿಂದ ಎರಡು ಮಣ್ಣಿನ ಹೂಜಿಗಳಲ್ಲಿ ನೀರು ತುಂಬಿಸಿ ಇಟ್ಟಿದ್ದ. ಹಿಂದಿನ ದಿನದ ಅಧಿಕಾರಿ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. ಇಂಜಿನಿಯರ್ ಹೊರಗೆ ಉತ್ತರದ ಬಾಯಿಯ ಬಳಿ ಕೂತರು, ನಮ್ಮವರಲ್ಲಿ ಬಹಳ ಜನ ಅವರ ಸುತ್ತ ನಿಂತರು. ಒಳಗೆ ಕಾವಲುಗಾರ ಮೊದಲನೆಯ ಹೂಜಿಯನ್ನು ನಿಧಾನವಾಗಿ ಬಗ್ಗಿಸಿದ. ನೀರು ಕಾಲುವೆಗೆ ಇಳಿಯಿತು, ಗೋಡೆಯಡಿಗೆ ಹೋಯಿತು. ಹೂಜಿ ಖಾಲಿಯಾಯಿತು. ಹೊರಗಿನಿಂದ ಸದ್ದಿಲ್ಲ. ನಾನು ಓಡಿ ಹೋಗಿ ನೋಡಿದೆ. ಕಾಲುವೆಯ ಬಾಯಿ ಒಣಗಿಯೇ ಇತ್ತು.

“ಒಣಗಿದ ಕಲ್ಲು ಮೊದಲು ತಾನು ಕುಡೀತದೆ,” ಎಂದರು ಇಂಜಿನಿಯರ್. “ಹಾಕ್ತಾ ಇರಿ. ಜೋರಾಗಿ ಬೇಡ, ಸಣ್ಣಗೆ.”

ಎರಡನೆಯ ಹೂಜಿಯೂ ಅರ್ಧವಾಯಿತು. ಆಗಲೂ ಏನೂ ಇಲ್ಲ. ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳತೊಡಗಿದರು. ಅಧಿಕಾರಿ ಗಡಿಯಾರ ನೋಡಿಕೊಂಡರು. ಕಾವಲುಗಾರ ಹೂಜಿಯನ್ನು ನೆಲಕ್ಕಿಟ್ಟು ಗೈಡ್‌ಗೆ ಏನೋ ಹೇಳಿದ. ಸಾಕಲ್ಲವೇ ಎಂದು ಕೇಳುತ್ತಿದ್ದಾನೆ ಎಂದಳು.

ಆಗ ಅಜ್ಜಿ ನನ್ನ ಸೆರಗು ಹಿಡಿದೆಳೆದರು. ಬೆಳಿಗ್ಗೆ ಬೇಗ ಹೊರಟಿದ್ದರಿಂದ ಅವರ ಪೂಜೆ ಆಗಿರಲಿಲ್ಲ, ಬಾಯಿಗೆ ಹನಿ ನೀರೂ ಹಾಕಿರಲಿಲ್ಲ. ಇಲ್ಲೇ ಮಾಡಿಕೊಳ್ಳಲೇ, ಅವರನ್ನು ಕೇಳಿ ಹೇಳು ಎಂದರು. ನಾನು ಅಧಿಕಾರಿಗೆ ವಿವರಿಸಿದೆ. ಈ ಅಮ್ಮ ಲಿಂಗವನ್ನು ಮೈಮೇಲೆ ಧರಿಸುವವರು, ದಿನಾ ಅಂಗೈಯಲ್ಲಿಟ್ಟು ನೀರೆರೆದು ಪೂಜಿಸುತ್ತಾರೆ, ಅದಿಲ್ಲದೆ ಊಟ ಮಾಡುವುದಿಲ್ಲ ಎಂದೆ. ಅವರಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ, ಬರೀ ನೀರು ತಾನೇ ಎಂದು ಕೇಳಿ ಕೈಮುಗಿದರು.

ಅಜ್ಜಿ ಗರ್ಭಗುಡಿಯ ನಡುವೆ, ಕಾಲುವೆಯ ತಲೆಯ ಬಳಿ ಕೂತರು. ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡರು. ನಾನು ಕೆಳಗೆ ತಟ್ಟೆ ಇಡಲು ಹೋದೆ. ತಟ್ಟೆ ಬ್ಯಾಡ, ಇಲ್ಲೇ ಹರಿದು ಹೋಗ್ಲಿ ಎಂದರು. ನಾನು ಹೂಜಿಯಿಂದ ಅವರ ತಂಬಿಗೆಗೆ ನೀರು ಬಗ್ಗಿಸಿ ಕೊಟ್ಟೆ. ಅವರು ಕಣ್ಣು ಮುಚ್ಚಿ ತುಟಿಯಲ್ಲೇ ಮಂತ್ರ ಹೇಳುತ್ತ ಎರೆಯತೊಡಗಿದರು. ಅಂಗೈಯ ಲಿಂಗದ ಮೇಲಿಂದ, ಬೆರಳುಗಳ ಸಂದಿಯಿಂದ ನೀರು ಎಳೆಯಾಗಿ ಕಲ್ಲಿನ ಕಾಲುವೆಗೆ ಬೀಳುತ್ತಿತ್ತು. ತಂಬಿಗೆ ಮುಗಿದರೆ ಮತ್ತೆ ತುಂಬಿಕೊಟ್ಟೆ. ಅವರಿಗೆ ಆತುರವಿರಲಿಲ್ಲ. ಬಾಗಿಲಲ್ಲಿ ನಿಂತ ಕಾವಲುಗಾರ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಹೊರಗಿನಿಂದ ಮೊದಲು ಗುಮಾಸ್ತರ ದನಿ ಕೇಳಿತು. ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

“ಬಂತು ಸಾರ್. ಬಂತು.”

ನಾನು ತಂಬಿಗೆಯನ್ನು ಅಜ್ಜಿಯ ಪಕ್ಕಕ್ಕಿಟ್ಟು ಹೊರಗೆ ಓಡಿದೆ. ಕಾಲುವೆಯ ಬಾಯಿಯಲ್ಲಿ ಕಂದು ಬಣ್ಣದ ಕೆಸರು ಮೆಲ್ಲಗೆ ಮುಂದೆ ಸರಿಯುತ್ತಿತ್ತು. ಅದರ ಹಿಂದೆ ಒಂದು ಬೆರಳಿನ ದಪ್ಪ ನೀರು. ಕೆಸರು ಜಾರಿ ಕೆಳಗೆ ಬಿತ್ತು. ನೀರು ಒಂದು ಕ್ಷಣ ತಡೆದು, ಕಲ್ಲಿನ ಅಂಚಿಗೆ ಬಂದು, ಕೆಳಗೆ ಇಳಿಯಿತು. ಮೊದಲು ಕಲಕು, ಆಮೇಲೆ ತಿಳಿ. ಬೆಳಗಿನ ಬಿಸಿಲಲ್ಲಿ ಅದು ಸಣ್ಣ ದಾರದ ಹಾಗೆ ಹೊಳೆಯಿತು.

ಇಂಜಿನಿಯರ್ ಅದರ ಕೆಳಗೆ ಅಂಗೈ ಹಿಡಿದರು. ಗೋಡೆಯಡಿಯ ಮಣ್ಣು ನೆನೆದು ಸಡಿಲ ಬಿಟ್ಟಿದೆ, ಅಷ್ಟೇ, ನಿಧಾನವಾಗಿ ಹಾಕಿದ್ದಕ್ಕೆ ಆಯ್ತು ಎಂದು ಎಲ್ಲರಿಗೂ ಹೇಳಿದರು. ಹೇಳುತ್ತ ಹೇಳುತ್ತ ಆ ನೀರನ್ನು ತಲೆಗೆ ಹಚ್ಚಿಕೊಂಡರು. ಅವರ ಕನ್ನಡಕ ಒದ್ದೆಯಾಗಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಕೈಯೊಡ್ಡಿದರು, ಗುಮಾಸ್ತರೂ ಅವರ ಹೆಂಡತಿಯೂ ಒಡ್ಡಿದರು. ಅಧಿಕಾರಿಯ ಹೆಂಡತಿ ಒಡ್ಡಿದರು. ಕಾವಲುಗಾರ ಬಂದು ಬೊಗಸೆಯಲ್ಲಿ ಹಿಡಿದು ಮುಖ ತೊಳೆದುಕೊಂಡ. ನಾನು ಎರಡು ತಿಂಗಳಿಂದ ಹೊತ್ತುಕೊಂಡಿದ್ದ ಭಾರ ಆ ನೀರಿನ ಜೊತೆಗೇ ಇಳಿದುಹೋದಂತಾಯಿತು. ಗೋಡೆಗೆ ಒರಗಿ ನಿಂತೆ. ಇವರು ನಾನು ಕರೆದುಕೊಂಡು ಬಂದ ಜನ, ಇದು ನಾನು ಆರಿಸಿದ ಗುಡಿ ಎಂದು ಹೆಮ್ಮೆಯಾಯಿತು. ಅದನ್ನು ಈಗಲೂ ಸಂಕೋಚವಿಲ್ಲದೆ ಬರೆಯುತ್ತೇನೆ.

ಅಜ್ಜಿ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಎಲ್ಲರಿಗಿಂತ ಕೊನೆಗೆ ಹೊರಗೆ ಬಂದರು. ನೀರು ಬಂದದ್ದು ಅವರಿಗೆ ಗೊತ್ತೇ ಇರಲಿಲ್ಲ. ತೋರಿಸಿದೆವು. ಬಗ್ಗಿ ನೋಡಿ, ಹೌದಲ್ಲೇ ಎಂದಷ್ಟೇ ಹೇಳಿ, ತಿಂಡಿ ಏನು ತಂದಿದೀಯಾ ಎಂದು ಕೇಳಿದರು. ಹಾವಿನ ಸೇತುವೆಯ ಮೇಲೆ ಸಾಲಾಗಿ ಕೂತು ಚಿತ್ರಾನ್ನ ತಿಂದೆವು. ಕಾವಲುಗಾರನಿಗೂ ಅಧಿಕಾರಿಗೂ ಎಲೆಯಲ್ಲಿ ಹಾಕಿ ಕೊಟ್ಟೆವು. ಗೈಡ್ ನನ್ನ ಪಕ್ಕ ಕೂತು, ಎಷ್ಟೋ ಗುಂಪುಗಳನ್ನು ಇಲ್ಲಿಗೆ ಕರೆತಂದಿದ್ದೇನೆ, ಆ ಕಾಲುವೆಯನ್ನು ದಾಟಿಕೊಂಡು ಹೋಗಿದ್ದೇನೆ, ಒಮ್ಮೆಯೂ ನಿಂತಿರಲಿಲ್ಲ ಎಂದಳು. ಅಜ್ಜಿ ಮಾಡಿದ್ದಕ್ಕೆ ನಿಮ್ಮ ಭಾಷೆಯಲ್ಲಿ ಏನನ್ನುತ್ತಾರೆ ಎಂದು ಕೇಳಿದಳು. ಮಜ್ಜನ ಎಂದೆ. ತನ್ನ ಲಿಪಿಯಲ್ಲಿ ಅಂಗೈ ಮೇಲೆ ಬರೆದುಕೊಂಡಳು.

ಗುಡ್ಡ ಇಳಿಯುವ ಹೊತ್ತಿಗೆ ಮಧ್ಯಾಹ್ನ ಸಮೀಪಿಸಿತ್ತು. ಬಸ್ಸು ಬುಡದ ಕವಲಿಗೆ ಬಂದು ನಿಂತಿತು. ಎಡಕ್ಕೆ ತಿರುಗಿದರೆ ಬ್ಯಾಂಕಾಕ್‌ನ ಹೆದ್ದಾರಿ. ಬಲಕ್ಕೆ, ಗದ್ದೆಗಳ ನಡುವೆ, ನಾಲ್ಕು ಕೊಳಗಳ ಮಧ್ಯೆ ಕಟ್ಟಿದ ಇನ್ನೊಂದು ಖ್ಮೇರ್ ಗುಡಿ ಇದೆ ಎಂದು ಗೈಡ್ ಮೈಕಿನಲ್ಲಿ ಹೇಳಿದಳು. ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಿದೆ. ಡ್ರೈವರ್ ಎಂಜಿನ್ ಬಂದ್ ಮಾಡದೆ, ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಾನು ಹಿಂದಕ್ಕೆ ತಿರುಗಿದೆ. ಇಂಜಿನಿಯರ್ ಪಕ್ಕದವರಿಗೆ ಕೊಳಗಳಿಗೆ ನೀರು ಎಲ್ಲಿಂದ ಬರುತ್ತಿರಬಹುದು ಎಂದು ವಿವರಿಸುತ್ತಿದ್ದರು, ಅವರಿಗೆ ಬಸ್ಸು ನಿಂತದ್ದರ ಪರಿವೆಯೇ ಇರಲಿಲ್ಲ. ನಾನು ಬಾಯಿ ತೆರೆಯುವ ಮುಂಚೆ ಮುಂದಿನ ಸೀಟಿನಲ್ಲಿದ್ದ ಅಜ್ಜಿ ಕೈ ಎತ್ತಿ ಗದ್ದೆಗಳ ಕಡೆ ತೋರಿಸಿದರು.

“ಈ ಕಡೆ ಹೊಡಿಯಪ್ಪ,” ಎಂದರು.

ಡ್ರೈವರ್ ನನ್ನನ್ನು ಕೇಳಲಿಲ್ಲ. ಬಲಕ್ಕೆ ತಿರುಗಿಸಿದ.